ಭಾವ ತಂದ ಡಬ್ಬಿ, ತೆಂಗಿನ ಬುಡದ ಅಣಬೆ

ಅರಸೀಕೆರೆಯಲ್ಲಿ ನನ್ನದೊಂದು ಗೊಬ್ಬರ, ಬೆಳೆ ಔಷಧಿ ಅಂಗಡಿ. ಮಳೆಗಾಲ ಮುಗಿಯುವ ಹೊತ್ತಿಗೆ ರೈತರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಅಣ್ಣ, ಇದನ್ನ ಸ್ವಲ್ಪ ನೋಡಿ." ತೆಂಗಿನ ಬುಡದಲ್ಲಿ ಕಂದು ರಸ ಸೋರಿ ಒಣಗಿದ ಗುರುತು. ಅದರ ಪಕ್ಕದಲ್ಲೇ ವಾರ್ನಿಶ್ ಹಚ್ಚಿದ ಹಾಗೆ ಹೊಳೆಯುವ ಕೆಂಪುಗಂದು ಅಣಬೆ. ಅಣಬೆ ಹೊರಗೆ ಕಂಡಿತು ಅಂದರೆ ಆ ಮರದ ಕಥೆ ಹೆಚ್ಚುಕಮ್ಮಿ ಮುಗಿಯಿತು. ನಮ್ಮ ಕಡೆ ಇದಕ್ಕೆ ಅಣಬೆ ರೋಗ ಅಂತಲೇ ಹೆಸರು. ಪುಸ್ತಕದಲ್ಲಿ ಗ್ಯಾನೊಡರ್ಮಾ.

ಕಳೆದ ದೀಪಾವಳಿಗೆ ಕಡೂರಿನಿಂದ ಅಕ್ಕ, ಭಾವ ಬಂದಿದ್ದರು. ಊಟ ಆದ ಮೇಲೆ ಭಾವ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಅವ್ವನ ಕೈಗಿಟ್ಟರು. ಡಬ್ಬಿ ಮೇಲೆ ಅದೇ ಅಣಬೆ, ಅದೇ ಹೊಳಪು. ಒಳಗೆ 90 ಕ್ಯಾಪ್ಸೂಲ್.

"ಇದು ಮರ ಕೊಲ್ಲೋ ಅಣಬೆ ಅಲ್ವಾ ಭಾವ?" ಅಂದೆ.

"ನಿಂಗೆ ಗೊಬ್ಬರ ಬಿಟ್ರೆ ಬೇರೆ ಏನಪ್ಪಾ ಗೊತ್ತು? ಚೀನಾದವರು ಸಾವಿರಾರು ವರ್ಷದಿಂದ ತಿಂತಿದಾರೆ. ಶುಗರ್, ಬಿಪಿ, ಕ್ಯಾನ್ಸರ್, ಎಲ್ಲಕ್ಕೂ ಆಗುತ್ತೆ. ಜಪಾನಿನಲ್ಲಿ ಆಸ್ಪತ್ರೆಯಲ್ಲೇ ಕೊಡ್ತಾರೆ."

ಭಾವನಿಗೆ ಕೆಟ್ಟ ಬುದ್ಧಿ ಇಲ್ಲ. ಈ ಡಬ್ಬಿ ಮಾರುವ ಸರಪಳಿಗೆ ಅವರನ್ನೂ ಯಾರೋ ಸೇರಿಸಿಕೊಂಡಿದ್ದರು. ಅವರ ಕೆಳಗೆ ನಾಲ್ಕು ಜನ ಸೇರಿದರೆ ಕಮಿಷನ್ನು. ಮೊದಲ ಡಬ್ಬಿ ಬಿಟ್ಟಿ. ಎರಡನೆಯದಕ್ಕೆ ಅವ್ವ ಕಾಯಿ ಮಾರಿದ ದುಡ್ಡಿನಲ್ಲಿ 2,300 ರೂಪಾಯಿ ಕೊಟ್ಟಿದ್ದು ನನಗೆ ಗೊತ್ತಾಗಿದ್ದು ಆಮೇಲೆ.

ಜನವರಿಯಲ್ಲಿ ಅವ್ವನ ಫಾಸ್ಟಿಂಗ್ ಶುಗರ್ 214 ಬಂತು. ಅದಕ್ಕೆ ಮುಂಚೆ 138 ಇತ್ತು. ಕೇಳಿದೆ, ಗದರಿದೆ, ಆಮೇಲೆ ಪುಸಲಾಯಿಸಿದೆ. ರಾತ್ರಿಯ ಶುಗರ್ ಮಾತ್ರೆಯನ್ನು ತಾನೇ ಬಿಟ್ಟಿದ್ದಳಂತೆ. "ಇಂಗ್ಲಿಷ್ ಮಾತ್ರೆ ನಿಧಾನಕ್ಕೆ ಬಿಡಬಹುದು ಅಂದ್ರು. ಅಳಿಯಂದಿರ ಮಾತು ಹೆಂಗೆ ತೆಗೆದುಹಾಕೋದು?"

ಆ ರಾತ್ರಿ ಕೂತು ಓದಲು ಶುರು ಮಾಡಿದೆ. ನಾನು ವಿಜ್ಞಾನಿ ಅಲ್ಲ. ಆದರೆ ಔಷಧಿ ಮಾರುವವನು. ಯಾವ ಕಂಪನಿಯವನು ಹೊಸ ಬಾಟಲಿ ತಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಒಂದು ಸಾಲಿಗೆ ಹಾಕಿ, ಪಕ್ಕದ ಸಾಲು ಹಾಗೇ ಬಿಟ್ಟು ನೋಡಿದ್ದೀರಾ? ಹಾಕಿದ ಸಾಲು ಹಸಿರಾಗಿದೆ ಅಂದರೆ ಸಾಲದು. ಮಳೆ ಬಂದಿದ್ದರೆ ಬಿಟ್ಟ ಸಾಲೂ ಹಸಿರಾಗಿರುತ್ತದೆ.

ಮನುಷ್ಯರ ಮೇಲೂ ಹಾಗೇ ಮಾಡಿ ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ ಒಂದಿದೆ. ಸಕ್ಕರೆ ಕಾಯಿಲೆ ಇದ್ದ 84 ಜನ. ಕೆಲವರಿಗೆ ದಿನಕ್ಕೆ 3 ಗ್ರಾಂ ಗ್ಯಾನೊಡರ್ಮಾ, ಕೆಲವರಿಗೆ ಅದರ ಜೊತೆ ಕಾರ್ಡಿಸೆಪ್ಸ್ ಅನ್ನುವ ಇನ್ನೊಂದು ಶಿಲೀಂಧ್ರ, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೆ ಅಣಬೆ ಇಲ್ಲದ ಸುಮ್ನೆ ಕ್ಯಾಪ್ಸೂಲ್. 16 ವಾರ. ಫಾಸ್ಟಿಂಗ್ ಶುಗರ್ ಆಗಲಿ, ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಆಗಲಿ, ಅಣಬೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಇಲ್ಲ. ಭಾವ ಅವ್ವನಿಗೆ ಕೊಟ್ಟಿದ್ದು ಇದೇ ಶುಗರ್‌ಗೆ ಅಲ್ವಾ?

ಕ್ಯಾನ್ಸರ್ ವಿಷಯ ಇಷ್ಟು ನೇರ ಇಲ್ಲ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಜರಡಿ ಹಿಡಿಯುವ ಕಾಕ್ರೇನ್ ಅನ್ನುವ ಸಂಸ್ಥೆ ಇದೆ. ಅವರ ಜರಡಿಯಲ್ಲಿ ಉಳಿದಿದ್ದು ಐದು ಪ್ರಯೋಗ, 373 ಜನ. ಕೀಮೋ ಅಥವಾ ರೇಡಿಯೇಷನ್ ಜೊತೆ ಈ ಅಣಬೆಯನ್ನೂ ಕೊಟ್ಟವರಲ್ಲಿ ಚಿಕಿತ್ಸೆಗೆ ಸ್ಪಂದಿಸಿದವರು ಸ್ವಲ್ಪ ಜಾಸ್ತಿ. ಬರೀ ಅಣಬೆ ಕೊಟ್ಟರೆ ಆ ಫಲ ಇಲ್ಲ. ಆಯಸ್ಸು ಜಾಸ್ತಿಯಾಗುತ್ತದೆ ಅನ್ನುವುದಕ್ಕೂ ಪುರಾವೆ ಸಿಗಲಿಲ್ಲ. ಪ್ರಯೋಗಗಳ ಗುಣಮಟ್ಟವೂ ಅಷ್ಟಕ್ಕಷ್ಟೆ ಅಂತ ಅವರೇ ಬರೆದಿದ್ದಾರೆ.

ಜಪಾನಿನ ಮಾತು ಪೂರ್ತಿ ಸುಳ್ಳಲ್ಲ. ಅಲ್ಲಿ 1977ರಲ್ಲಿ ಪಿಎಸ್‌ಕೆ ಅನ್ನುವ ಔಷಧಿಗೆ ಒಪ್ಪಿಗೆ ಸಿಕ್ಕಿತ್ತು. ಆದರೆ ಅದು ಬೇರೆ ಅಣಬೆಯದು. ಒಣ ದಿಮ್ಮಿ ಮೇಲೆ ಬಣ್ಣಬಣ್ಣದ ಪಟ್ಟೆಯಾಗಿ ಬೆಳೆಯುವ ಟರ್ಕಿ ಟೇಲ್. ಅದನ್ನೂ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡುತ್ತಿದ್ದರೇ ಹೊರತು ಅದರ ಬದಲಿಗೆ ಅಲ್ಲ. ಭಾವ ಅದರ ಹೆಸರು ಹೇಳಿ ಇದನ್ನು ಕೊಟ್ಟರು. ಬೇವಿನ ಹಿಂಡಿ ತೋರಿಸಿ ಹೊಂಗೆ ಹಿಂಡಿ ಕೊಟ್ಟ ಹಾಗೆ.

ಹಾಗಾದರೆ ಅಂತರ್ಜಾಲದಲ್ಲಿ ಕಾಣುವ ಸಾವಿರಾರು ಸಂಶೋಧನೆ ಏನು? ಬಹುಪಾಲು ಪ್ರಯೋಗಾಲಯದ ಗಾಜಿನ ತಟ್ಟೆಯವು, ಇಲಿಗಳವು. ಅಣಬೆಯಲ್ಲಿ ಬೀಟಾ ಗ್ಲೂಕಾನ್ ಅನ್ನುವ ಒಂದು ಬಗೆಯ ನಾರಿನಂಶ ಇದೆ, ರಕ್ತದ ಬಿಳಿಕಣಗಳು ಅದಕ್ಕೆ ಎಚ್ಚರಗೊಳ್ಳುತ್ತವೆ, ಅದೆಲ್ಲ ನಿಜ. ಆದರೆ ತಟ್ಟೆ ಮತ್ತು ತೋಟದ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. ನಾನು ಮಾರುವ ಟ್ರೈಕೊಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಇನ್ನೊಂದು ಶಿಲೀಂಧ್ರ, ತಟ್ಟೆಯಲ್ಲಿ ಈ ಗ್ಯಾನೊಡರ್ಮಾದ ಮೇಲೆಯೇ ಹಬ್ಬಿ ಅದನ್ನು ಮುಗಿಸುತ್ತದೆ. ಅದನ್ನೇ ಒಣಗಿದ ಮಣ್ಣಿಗೆ, ಕೊಟ್ಟಿಗೆ ಗೊಬ್ಬರ ಇಲ್ಲದೆ ಸುರಿದವರು ಮರುವರ್ಷ ಬಂದು ನನ್ನನ್ನೇ ಬೈದಿದ್ದಾರೆ.

ಇನ್ನೊಂದು ವಿಷಯ, ಇದು ನನಗೆ ಜಾಸ್ತಿ ಚುಚ್ಚಿತು. 2017ರಲ್ಲಿ ಅಮೆರಿಕದಲ್ಲಿ ಮಾರುವ ಇಂಥ 19 ಡಬ್ಬಿ ಕೊಂಡು ಪರೀಕ್ಷೆ ಮಾಡಿದರು. ಲೇಬಲ್ಲಿನಲ್ಲಿದ್ದ ಅಣಬೆಯೇ ಒಳಗಿದೆ ಅಂತ ಖಾತ್ರಿಯಾಗಿದ್ದು 5ರಲ್ಲಿ ಮಾತ್ರ. ನಕಲಿ ಕೀಟನಾಶಕ ಮಾರಿದ್ದಕ್ಕೆ ಅಂಗಡಿಗಳಿಗೆ ಬೀಗ ಬಿದ್ದದ್ದನ್ನು ನೋಡಿದ್ದೇನೆ. ಮನುಷ್ಯರು ನುಂಗುವುದಕ್ಕೆ ಅಷ್ಟೂ ಬೇಡವಾ?

ನಮ್ಮ ತೋಟದ ಅಣಬೆಯೂ ಡಬ್ಬಿಯ ಅಣಬೆಯೂ ಒಂದೇ ಅಂತ ನಾನು ಭಾವನ ಮುಂದೆ ಹೇಳಿದ್ದು ಕೂಡ ಪೂರ್ತಿ ಸರಿಯಲ್ಲ, ಒಪ್ಪಿಕೊಳ್ಳುತ್ತೇನೆ. ಚೀನಾದ್ದು ಬೇರೆ ಜಾತಿ ಅಂತ 2012ರಲ್ಲಿ ಅದಕ್ಕೆ ಬೇರೆ ಹೆಸರನ್ನೇ ಕೊಟ್ಟಿದ್ದಾರೆ. ದಾಯಾದಿಗಳು ಅನ್ನಬಹುದು.

ಮಾರನೇ ದಿನ ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಬ್ಬಿಯನ್ನೂ ಒಯ್ದಿದ್ದೆ. ಅವರು ಮೊದಲು ಕೇಳಿದ್ದು ಶುಗರ್ ಬಗ್ಗೆ ಅಲ್ಲ, "ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತಿದಾರಾ?" ಅಂತ. ಅವ್ವ ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾಳೆ. ಈ ಅಣಬೆಯೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಸಾಧ್ಯತೆ ಇದೆ, ಎರಡೂ ಸೇರುವುದು ಬೇಡ ಅಂದರು. ಆಮೇಲೆ ಡಬ್ಬಿ ತಿರುಗಿಸಿ ಸಣ್ಣಕ್ಷರದ ಒಂದು ಸಾಲು ತೋರಿಸಿದರು. ಔಷಧಿಯಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ. ಇಂಥ ಡಬ್ಬಿಗಳ ಮೇಲೆ ಹಾಗೆ ಬರೆಯಲೇಬೇಕು ಅಂತ ನಮ್ಮಲ್ಲಿ 2016ರ ನಿಯಮ ಇದೆ. ಮೂರು ತಿಂಗಳು ಮನೆಯಲ್ಲಿದ್ದ ಡಬ್ಬಿ. ದಿನಕ್ಕೆ ಐವತ್ತು ಲೇಬಲ್ ಓದುವ ನಾನು ಅದೊಂದನ್ನು ಓದಿರಲಿಲ್ಲ.

ಅಣಬೆ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಚಿಪ್ಪಣಬೆ ಸಾರು ಆಗುತ್ತದೆ, ಮುದ್ದೆ ಜೊತೆ. ಅದರಲ್ಲೂ ಬೀಟಾ ಗ್ಲೂಕಾನ್ ಇದೆ. ಕಾಲು ಕೆಜಿಗೆ ನೂರು ರೂಪಾಯಿ ಒಳಗೆ.

ಅವ್ವ ರಾತ್ರಿ ಮಾತ್ರೆ ಮತ್ತೆ ಶುರು ಮಾಡಿದಳು. ಮಾರ್ಚಿನಲ್ಲಿ 142. ಭಾವನಿಗೆ ಫೋನಿನಲ್ಲಿ ಶುಗರ್ ವಿಷಯ ಹೇಳಿದೆ, ಡಬ್ಬಿ ವಿಷಯ ಎತ್ತಲಿಲ್ಲ. ಅಕ್ಕ ನಡುವೆ ಇದ್ದಾಳೆ. ಎರಡನೇ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಬಿಸಾಡಲು ಹೋದರೆ ಅವ್ವ ಬಿಡಲಿಲ್ಲ. "ದುಡ್ಡು ಕೊಟ್ಟಿದ್ದು ಕಣೋ. ಕ್ಯಾಪ್ಸೂಲ್ ಬಿಚ್ಚಿ ಗುಲಾಬಿ ಬುಡಕ್ಕೆ ಹಾಕ್ತೀನಿ." ತೆಂಗಿನ ಹತ್ತಿರ ಮಾತ್ರ ಹೋಗಬೇಡ ಅಂದಿದ್ದೇನೆ.