ಕೆಂಪು ಡ್ರ್ಯಾಗನ್ ಅಂತ ಬಂದ ಹಸಿರು ಗಿಡ

ನೊಣ, ಹುಳು ಹಿಡಿದು ತಿನ್ನುವ ವೀನಸ್ ಫ್ಲೈಟ್ರ್ಯಾಪ್ ಗಿಡ ಬೆಳೆಸುವವರಿಗೆ ಫೆಬ್ರವರಿ ಸ್ವಲ್ಪ ಗೊಂದಲದ ತಿಂಗಳು. ಒಂದೇ ಗಿಡದಲ್ಲಿ ಎರಡು ಥರದ ಎಲೆ ಕಾಣುತ್ತವೆ. ಚಳಿಯಲ್ಲಿ ಬಂದವು ಗಿಡ್ಡ, ಅಗಲ, ಮಣ್ಣಿಗೆ ಒತ್ತಿಕೊಂಡು ಮಲಗಿರುತ್ತವೆ. ಬಿಸಿಲೇರಿದ ಮೇಲೆ ಬರುವ ಎಲೆಯ ಬುಡ ಸಪೂರ, ಎಷ್ಟೋ ಗಿಡಗಳಲ್ಲಿ ನೆಟ್ಟಗೆ ಮೇಲಕ್ಕೂ ಏಳುತ್ತದೆ. ಗೊತ್ತಿಲ್ಲದವರು ನೋಡಿದರೆ ಒಂದೇ ಕುಂಡದಲ್ಲಿ ಎರಡು ಗಿಡ ಇದೆ ಅಂದುಕೊಳ್ಳಬೇಕು, ಹಾಗಿರುತ್ತದೆ.

ಅಂಥದೇ ಒಂದು ಭಾನುವಾರ ಅಕ್ಕನ ಮಗಳು ನಮ್ಮ ತಾರಸಿಗೆ ಬಂದಳು. ಕೈಯಲ್ಲಿ ಪುಟ್ಟ ಕುಂಡ, ಮುಖದಲ್ಲಿ ಸಿಟ್ಟು. ಆನ್‌ಲೈನ್‌ನಲ್ಲಿ ತರಿಸಿದ ಗಿಡವಂತೆ. ಕುಂಡಕ್ಕೆ ಚುಚ್ಚಿದ ಪಟ್ಟಿಯಲ್ಲಿ ‘ರೆಡ್ ಡ್ರ್ಯಾಗನ್’ ಅಂತ ಬರೆದಿತ್ತು. ಗಿಡ ಮಾತ್ರ ಬುಡದಿಂದ ತುದಿಯವರೆಗೂ ಹಸಿರು.

“ಚಿಕ್ಕಮ್ಮ, ಇದರಲ್ಲಿ ಕೆಂಪು ಎಲ್ಲಿದೆ, ನೀನೇ ತೋರಿಸು. ಮೋಸ ಅಲ್ವಾ ಇದು?”

ಮಾರಿದವರಿಗೆ ಅವಳು ಆಗಲೇ ಮೆಸೇಜ್ ಮಾಡಿದ್ದಳು. ಬಿಸಿಲಿಗಿಟ್ಟರೆ ಕೆಂಪಾಗುತ್ತದೆ ಅಂತ ಉತ್ತರ ಬಂದಿತ್ತಂತೆ. ಕೈ ತೊಳೆದುಕೊಳ್ಳುವ ಮಾತಿನ ಹಾಗೆ ಕೇಳಿದರೂ ಅದರಲ್ಲಿ ಅರ್ಧ ನಿಜವಿದೆ. ‘ಅಕಾಯ್ ರ‍್ಯೂ’ ಎಂಬ ತಳಿಯನ್ನೇ ಎಲ್ಲರೂ ರೆಡ್ ಡ್ರ್ಯಾಗನ್ ಅನ್ನುವುದು. ಅದು 1996ರಲ್ಲಿ ನೋಂದಣಿಯಾದ ಹೆಸರು. ಒಳ್ಳೆ ಬಿಸಿಲಿದ್ದರೆ ಇಡೀ ಗಿಡ ಕಡುಗೆಂಪಾಗುತ್ತದೆ. ನೆರಳಲ್ಲಿ ಇಟ್ಟರೆ ಅದರ ಹೊಸ ಎಲೆಗಳೂ ಹಸಿರಿಗೆ ತಿರುಗುತ್ತವೆ. ಕೊರಿಯರ್ ಡಬ್ಬದ ಕತ್ತಲಲ್ಲಿ ಕೂತು ಬಂದ ಗಿಡವನ್ನು ನೋಡಿ ತೀರ್ಪು ಕೊಡೋಕಾಗುತ್ತಾ?

ಎಲೆಗಳನ್ನು ಹತ್ತಿರದಿಂದ ನೋಡಿದೆವು. ಉದ್ದುದ್ದ, ಬಲವಿಲ್ಲ, ಬಳುಕುತ್ತಿದ್ದವು. ಬೆಳಕು ಸಾಲದೆ ಬೆಳೆದ ಗುರುತು. ನಾವು ಎಲೆ ಅನ್ನುವ ಹಸಿರು ಚಪ್ಪಟೆ ಭಾಗ ನಿಜಕ್ಕೂ ಎಲೆಯ ಬುಡ. ನೊಣ ಹಿಡಿಯುವ ಬಾಯಿ ಎಲೆಯ ತುದಿ. ನೊಣ ಸಿಗಲಿ ಬಿಡಲಿ, ಬಿಸಿಲಿನಿಂದ ಅಡುಗೆ ಮಾಡಿಕೊಳ್ಳೋ ಕೆಲಸ ನಡೆಯಲೇಬೇಕು. ಬೆಳಕು ಕಮ್ಮಿಯಾದರೆ ಗಿಡ ಬುಡವನ್ನು ಹಿಗ್ಗಿಸುತ್ತದೆ, ಬಾಯಿ ಚಿಕ್ಕದಾಗುತ್ತದೆ.

ಅವಳು ಕಡ್ಡಿ ತಗೊಂಡು ಒಂದು ಬಾಯನ್ನು ಕೆಣಕೋಕೆ ಹೋದಳು. ಬೇಡ ಅಂದೆ. ಒಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಸಾಕು, ಪಟ್ ಅಂತ ಮುಚ್ಚುತ್ತದೆ. ಒಂದು ಬಾಯಿ ಅದರ ಆಯುಸ್ಸಲ್ಲಿ ಕೆಲವೇ ಸಲ ಹಾಗೆ ಮುಚ್ಚಬಲ್ಲದು. ಸುಮ್ನೆ ಆಟಕ್ಕೆ ಖರ್ಚು ಮಾಡಿಸಬಾರದು.

ಗಿಡವನ್ನು ನನ್ನ ಹತ್ತಿರವೇ ಬಿಟ್ಟು ಹೋಗು, ಬೇಸಿಗೆಯಲ್ಲಿ ನೋಡೋಣ ಅಂದೆ. ಬೇಸರದಲ್ಲೇ ಒಪ್ಪಿದಳು. ಮೊದಲು ನೆರಳುಬಲೆಯ ಕೆಳಗೆ ಇಟ್ಟು, ನಿಧಾನಕ್ಕೆ ಬಿಸಿಲಿಗೆ ಸರಿಸಿದೆ. ಕುಂಡದ ಕೆಳಗಿನ ತಟ್ಟೆಗೆ ಆರ್‌ಓ ನೀರು. ನಮ್ಮ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಇದಕ್ಕೆ ಆಗೋದಿಲ್ಲ. ಗೊಬ್ಬರವಂತೂ ಬೇಡವೇ ಬೇಡ. ಇದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಕರಾವಳಿ ಬಯಲು. ಸಾರವಿಲ್ಲದ, ಹುಳಿ ಗುಣದ ಒದ್ದೆ ಮರಳುಮಣ್ಣು. ಆಗಾಗ ಬೀಳುವ ಬೆಂಕಿ ಸುತ್ತಲಿನ ಪೊದೆಗಳನ್ನು ಸುಟ್ಟು ಇದಕ್ಕೆ ಬೆಳಕು ಬಿಡಿಸಿಕೊಡುತ್ತದೆ. ಮಣ್ಣಲ್ಲಿ ಸಿಗದ ಸಾರಜನಕಕ್ಕಾಗಿಯೇ ಹುಳು ಹಿಡಿಯುವ ಈ ಪಾಡು.

ಮೇ ತಿಂಗಳ ಹೊತ್ತಿಗೆ ಹಳೆ ಎಲೆಗಳೆಲ್ಲ ಕಪ್ಪಾಗಿ ಹೋದವು. ನಡುವಿನಿಂದ ಹೊಸವು ಬಂದವು, ಗಟ್ಟಿಯಾಗಿ, ಬಾಯಿ ಮಡಚಿಕೊಂಡೇ. ಬಿಚ್ಚಿದಾಗ ಬಾಯಿಯ ಒಳಗೆ ಚೆಂದದ ಕೆಂಪು. ಬುಡ ಮಾತ್ರ ಹಸಿರು, ಬಾಯಿಯ ಹೊರಮೈ ಹಸಿರು, ಅಂಚಿನ ಹಲ್ಲುಗಳೂ ಹಸಿರು. ಅಷ್ಟು ಬಿಸಿಲು ಕುಡಿದ ಮೇಲೂ ಹೀಗಿದ್ದರೆ ಅದು ಅಕಾಯ್ ರ‍್ಯೂ ಅಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

“ಹಾಗಾದರೆ ಯಾವ ತಳಿ?” ಗಿಡ ನೋಡೋಕೆ ಬಂದವಳು ಕೇಳಿದಳು.

ಅಲ್ಲೇ ತೊಡಕು. ಫೋಟೋ ನೋಡಿ ಹೆಸರು ಹೇಳಿಬಿಡುವವರಿದ್ದಾರೆ, ನಾನು ನಂಬುವುದಿಲ್ಲ. ಗರಗಸದಂಥ ಮೋಟು ಹಲ್ಲಿನ ‘ಸಾಟೂತ್’ ಆದರೆ ನೋಡಿದ ಕೂಡಲೇ ಅನುಮಾನ ಬರುತ್ತದೆ. ಆದರೆ ಅಂಥ ಹಲ್ಲಿನ ತಳಿಗಳೂ ಹಲವು. ‘ಫ್ಯೂಸ್ಡ್ ಟೂತ್’ ಅಂತ ಇನ್ನೊಂದಿದೆ, ಅದರ ಹಲ್ಲು ಒಂದಕ್ಕೊಂದು ಅಂಟುವುದು ಬಿಸಿಲುಕಾಲದಲ್ಲಿ. ಚಳಿಯಲ್ಲಿ ನೋಡಿದವರಿಗೆ ಮಾಮೂಲಿ ಗಿಡ. ಬೀಜದಿಂದ ಹುಟ್ಟಿದ ಸಸಿಗೆ ತಾಯಿಯ ಹೆಸರು ಇಡುವ ಹಾಗೂ ಇಲ್ಲ. ಗಡ್ಡೆ ಒಡೆದೋ, ಎಲೆ ಕಿತ್ತು ನೆಟ್ಟೋ, ಅಂಗಾಂಶ ಕೃಷಿಯಲ್ಲೋ ಮಾಡಿದ ಮರಿಗಷ್ಟೇ ಆ ಹೆಸರು. ಅಂದರೆ ಹೆಸರು ಗೊತ್ತಾಗುವುದು ಗಿಡ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದರಿಂದ. ಆ ಎಳೆ ಒಂದು ಸಲ ತುಂಡಾದರೆ ಮುಗಿಯಿತು.

ಅವಳು ಪಟ್ಟಿ ಕಿತ್ತು, ಹಿಂದುಗಡೆ ‘ಮಾಮೂಲಿ’ ಅಂತ ಬರೆದು ಮತ್ತೆ ಚುಚ್ಚಿದಳು. ಆಮೇಲೆ ಅವಳ ಕಣ್ಣು ನನ್ನ ಕುಂಡದ ಮೇಲೆ ಬಿತ್ತು. ಅದರ ಪಟ್ಟಿಯಲ್ಲಿ ‘ಬಿ 52’ ಅಂತಿದೆ. ದೊಡ್ಡ ಬಾಯಿಗೆ ಹೆಸರಾದ ತಳಿ, ಚೆನ್ನಾಗಿ ಬೆಳೆದರೆ ಸುಮಾರು 5 ಸೆಂಟಿಮೀಟರ್ ಬಾಯಿ. ಕೆಳಗೆ ಓಡಿ ಹೋಗಿ ಸ್ಕೇಲ್ ತಂದಳು.

“ಮೂರು ಸೆಂಟಿಮೀಟರೂ ಇಲ್ಲ ಚಿಕ್ಕಮ್ಮ. ನಿಂದು ಅಸಲಿ ಅಂತ ಯಾರು ಹೇಳಿದ್ದು?”

ಗಿಡ ಕೊಟ್ಟವರು ಹೇಳಿದ್ದು, ಅಷ್ಟೇ. ಚಳಿಗಾಲದಲ್ಲಿ ಇದಕ್ಕೆ ಮೂರು ತಿಂಗಳಾದರೂ ನಿದ್ದೆ ಬೇಕು, ಹತ್ತು ಡಿಗ್ರಿಗಿಂತ ಕೆಳಗಿನ ತಂಪಿದ್ದರೆ ಒಳ್ಳೇದು. ನಮ್ಮೂರ ಚಳಿ ಅದಕ್ಕೆ ಸಾಲದು, ಬಾಯಿ ಚಿಕ್ಕದಾಗಲು ಅದೂ ಕಾರಣ ಇರಬಹುದು ಅಂದೆ. ಅವಳು ನಕ್ಕಳು. ಅವಳ ಡ್ರ್ಯಾಗನ್‌ಗೆ ಬಿಸಿಲಿನ ನೆಪ, ನನ್ನ ಬಿ 52ಗೆ ಚಳಿಯ ನೆಪ!

ಡಿಸೆಂಬರ್‌ನಲ್ಲಿ ಗಡ್ಡೆಯನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಇಡುವುದು ಅಂತ ತೀರ್ಮಾನವಾಯಿತು. ಸ್ಕೇಲನ್ನು ಅವಳು ವಾಪಸ್ ಒಯ್ಯಲಿಲ್ಲ, ನನ್ನ ಕುಂಡದ ಪಕ್ಕದಲ್ಲೇ ಇಟ್ಟು ಹೋಗಿದ್ದಾಳೆ.