ಕರೆದು ಉಣಿಸಿದ ಮನೆ

2024 ನವೆಂಬರ್ 16, ಶನಿವಾರ
ಬೊಲೋನ್ಯಾ, ಇಟಲಿ

ಬೆಳಗ್ಗೆ ಕಿಟಕಿ ತೆಗೆದರೆ ಎದುರುಮನೆಯೂ ಕಾಣದಷ್ಟು ಮಂಜು. ಪೋ ನದಿಯ ಬಯಲಿನಲ್ಲಿ ನವೆಂಬರ್ ಅಂದರೆ ಹೀಗೇ. ಅವ್ವ ಧಾರವಾಡದಿಂದ ಬಂದು ಮೂರು ವಾರ ಆಯಿತು, ಮನೆಯೊಳಗೇ ಕೂತು ಬೇಸತ್ತಿದ್ದಳು. "ಎಲ್ಲೆರ ಕರಕೊಂಡ ಹೋಗವಾ" ಅಂದಳು. ಪಕ್ಕದ ಊರು ಮೊದೆನಾಗೆ ಹೋಗಿ ಒಪೆರಾ ಹಾಡುಗಾರ ಪಾವರಟ್ಟಿಯವರ ಮನೆ ನೋಡೋಣ ಅಂದೆ. ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಅವ್ವನಿಗೆ ಗೊತ್ತಿಲ್ಲ. ಆದರೆ ದೊಡ್ಡ ಹಾಡುಗಾರರ ಮನೆ ಅಂದರೆ ಏನೆಂದು ಗೊತ್ತು. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ'ವನ್ನು ಎಷ್ಟೋ ಸಲ ನೋಡಿದವಳು.

ರೈಲಿನಲ್ಲಿ ಅರ್ಧ ಗಂಟೆ. ಮನೆ ಇರುವುದು ಊರ ಹೊರಗೆ, ಹೊಲಗಳ ನಡುವೆ. ಸ್ಟೇಷನ್ನಿನಿಂದ ಟ್ಯಾಕ್ಸಿ ಮಾಡಿದೆವು. ಲುಚಾನೋ ಪಾವರಟ್ಟಿ ಕೊನೆಯ ವರ್ಷಗಳನ್ನು ಕಳೆದದ್ದು, 2007ರ ಸೆಪ್ಟೆಂಬರ್ 6ರಂದು ಕಣ್ಣು ಮುಚ್ಚಿದ್ದು ಇದೇ ಮನೆಯಲ್ಲಿ. 2015ರಿಂದ ಮ್ಯೂಸಿಯಂ ಆಗಿದೆ. ಒಳಗೆ ಕಾಲಿಟ್ಟರೆ ಮ್ಯೂಸಿಯಂ ಅನ್ನಿಸುವುದಿಲ್ಲ. ಸೂರಿನ ಗಾಜಿನಿಂದ ನಡುಮನೆಗೆ ಬೆಳಕು ಇಳಿಯುತ್ತದೆ, ಗೋಡೆಯ ಮೇಲೆ ಅವರೇ ಬಿಡಿಸಿದ ಚಿತ್ರಗಳಿವೆ. ಯಜಮಾನರು ಪೇಟೆಗೆ ಹೋಗಿದ್ದಾರೆ, ಈಗ ಬಂದುಬಿಡುತ್ತಾರೆ ಎಂಬಂತಿತ್ತು.

ಎಲ್ಲರೂ ಮೊದಲು ಮುತ್ತುವುದು ಪತ್ರಗಳನ್ನು. ಅಮೆರಿಕದ ಹಾಡುಗಾರ ಫ್ರಾಂಕ್ ಸಿನಾತ್ರಾ, ರಾಜಕುಮಾರಿ ಡಯಾನಾ, ರಾಕ್ ಹಾಡುಗಾರ ಬೋನೋ, ಎಲ್ಲರೂ ಬರೆದಿದ್ದಾರೆ. ಡಯಾನಾ ಹೆಸರು ಕೇಳಿದ ಕೂಡಲೇ ಅವ್ವ ನಿಂತಳು, ಅವಳಿಗೆ ಆ ಮುಖ ಗೊತ್ತು. 1991ರ ಜುಲೈ 30ರ ಕಥೆ ಹೇಳಿದೆ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಪಾವರಟ್ಟಿಯವರ ಬಯಲು ಕಛೇರಿ, ಜಡಿಮಳೆ. ಕೊಡೆ ಬಿಡಿಸಿದರೆ ಹಿಂದಿನವರಿಗೆ ಕಾಣುವುದಿಲ್ಲವೆಂದು ಜನ ಕೊಡೆ ಮಡಚಿದರು, ಡಯಾನಾ ಕೂಡ ತೋಯಿಸಿಕೊಂಡೇ ಕೂತಳು. ಅವತ್ತು ಪಾವರಟ್ಟಿ ಪುಚ್ಚೀನಿ ಎಂಬ ಸಂಗೀತಕಾರರ 'ಮಾನೋನ್ ಲೆಸ್ಕೋ' ಒಪೆರಾದಿಂದ ಒಂದು ಹಾಡನ್ನು ಅವಳಿಗೆಂದೇ ಹಾಡಿದರು. ಆಮೇಲೆ ಸ್ನೇಹ ಬೆಳೆಯಿತು. 1995ರಲ್ಲಿ ಅವಳು ಮೊದೆನಾಗೇ ಬಂದಳು, 'ಪಾವರಟ್ಟಿ ಆ್ಯಂಡ್ ಫ್ರೆಂಡ್ಸ್' ಕಛೇರಿಗೆ.

ಆ ಕಛೇರಿಗಳ ಬಗ್ಗೆ ಒಪೆರಾ ಪಂಡಿತರಿಗೆ ಅಸಮಾಧಾನವಿತ್ತು. ಪಾಪ್ ಹಾಡುಗಾರರ ಜೊತೆ ನಿಂತು ಹಾಡುವುದೇ ಎಂದು. ನನಗೆ ಹಾಗನ್ನಿಸುವುದಿಲ್ಲ. 1992ರಿಂದ 2003ರವರೆಗೆ ಸ್ಟಿಂಗ್, ಎಲ್ಟನ್ ಜಾನ್‌ರಂಥವರನ್ನು ತಮ್ಮೂರಿಗೆ ಕರೆಸಿ ಹಾಡಿಸಿದರು. ಹಣ ಹೆಚ್ಚಾಗಿ ಹೋದದ್ದು ಯುದ್ಧದಲ್ಲಿ ನೊಂದ ಮಕ್ಕಳಿಗೆ. ಬೋಸ್ನಿಯಾ ಯುದ್ಧದ ಹೊತ್ತಿನಲ್ಲಿ ಒಂದು ಹಾಡು ಬರೆದುಕೊಡಿ ಎಂದು ಬೋನೋ ಮನೆಗೆ ಫೋನ್ ಮಾಡಿದವರು, ಹೂಂ ಅನ್ನುವವರೆಗೂ ಬಿಡಲಿಲ್ಲ. ಹಾಗೆ ಹುಟ್ಟಿದ್ದು 'ಮಿಸ್ ಸರಾಯೆವೊ'. 1997ರಲ್ಲಿ ಬೋಸ್ನಿಯಾದ ಮೋಸ್ತಾರ್ ಪಟ್ಟಣದಲ್ಲಿ ಅವರ ಹೆಸರಿನ ಸಂಗೀತ ಕೇಂದ್ರ ತೆರೆಯಿತು. ಗುಂಡಿನ ಸದ್ದು ಕೇಳಿ ಬೆಳೆದ ಮಕ್ಕಳು ಅಲ್ಲಿ ವಾದ್ಯ ಕಲಿತರು. ಗೆಳೆತನವನ್ನು ಹೀಗೆ ದುಡಿಸಿಕೊಂಡರೆ ತಪ್ಪೇನು?

ಅವ್ವ ಪಕ್ಕದಲ್ಲಿ ಇರಲಿಲ್ಲ. ಹುಡುಕಿದರೆ ಅಡುಗೆಮನೆಯಲ್ಲಿ. ಒಲೆ ನೋಡಿದಳು, ಮೇಜು ನೋಡಿದಳು, ಕುರ್ಚಿ ಎಣಿಸಿದಳು. ತನ್ನ ಪರಿಚಯದ ಮನೆಯಲ್ಲಿ ನಿಂತ ಹಾಗೆ ಸೆರಗು ಸರಿಮಾಡಿಕೊಂಡಳು.

"ಅಡಗೀ ಯಾರು ಮಾಡತಿದ್ರು?"

"ಇವರೇ ಮಾಡತಿದ್ರಂತ, ಅವ್ವ. ಪರದೇಶಕ್ಕ ಹೋಗೂ ಮುಂದ ಪಾಸ್ತಾ, ಚೀಸು, ಪಾತ್ರೆ ಎಲ್ಲಾ ಕಟಗೊಂಡ ಹೋಗತಿದ್ರು. ನ್ಯೂಯಾರ್ಕ್ ಮನ್ಯಾಗೂ ಬಂದವರಿಗೆ ತಾವ ಮಾಡಿ ಹಾಕತಿದ್ರು."

ಅವ್ವ ತಲೆದೂಗಿದಳು. "ಇದು ಮಂದೀನ್ನ ಕರದು ಉಣಿಸಿದ ಮನೀ ನೋಡ. ಅಂಥಾ ಮನೀಗೆ ಒಂದು ಕಳಾ ಇರತೈತಿ."

ಅಷ್ಟು ಹೊತ್ತು ನಾನು ಪತ್ರಗಳ ಕೆಳಗಿನ ಸಹಿ ಓದುತ್ತ, ಇವರಿಗೆ ಎಂತೆಂಥವರ ಪರಿಚಯ ಎಂದು ಬೆರಗಾಗುತ್ತಿದ್ದೆ. ಅವ್ವನ ಮಾತು ಕೇಳಿದ ಮೇಲೆ ಎಲ್ಲವೂ ಬೇರೆಯಾಗಿ ಕಂಡಿತು. ಈ ಮನುಷ್ಯನಿಗೆ ಜನ ಬೇಕಿತ್ತು. ದೊಡ್ಡವರಾದ ಮೇಲೆ ಬಂದ ಬಯಕೆಯಲ್ಲ ಅದು. ಅಪ್ಪ ಫೆರ್ನಾಂದೋ ಬೇಕರಿ ಕೆಲಸದವರು, ಒಳ್ಳೆಯ ಕಂಠದ ಹಾಡುಗಾರ. ಅಪ್ಪ ಮಗ ಇಬ್ಬರೂ ಊರಿನ ಗಾಯನ ಮೇಳದಲ್ಲಿದ್ದರು. 1955ರಲ್ಲಿ ಆ ಮೇಳ ವೇಲ್ಸಿನ ಲ್ಯಾಂಗೋಲೆನ್ ಎಂಬ ಊರಿಗೆ ಹೋಗಿ ಮೊದಲ ಬಹುಮಾನ ಗೆದ್ದು ಬಂತು. ಪುಚ್ಚೀನಿಯ 'ಲಾ ಬೋಹೆಮ್' ಒಪೆರಾದ ಪ್ರೇಮಿ ರೊಡೋಲ್ಫೋನ ಪಾತ್ರದಲ್ಲಿ ಮಗ ರಂಗಕ್ಕೆ ಬಂದದ್ದು ಅದಾಗಿ ಆರು ವರ್ಷಕ್ಕೆ, 1961ರ ಏಪ್ರಿಲ್ 29ರಂದು. ಹತ್ತು ಜನರ ನಡುವೆ ನಿಂತು, ಪಕ್ಕದವರ ಉಸಿರು ಕೇಳುತ್ತ ಹಾಡಲು ಕಲಿತವರು ಅವರು. ಒಬ್ಬರೇ ವೇದಿಕೆಯ ಮೇಲೆ ನಿಲ್ಲುವಾಗ ಕೈಯಲ್ಲಿ ಬಿಳಿ ಕರವಸ್ತ್ರ ಹಿಡಿಯುತ್ತಿದ್ದರಲ್ಲ, ಅದು ಶುರುವಾದದ್ದು 1973ರಲ್ಲಿ ಅಮೆರಿಕದ ಮಿಸ್ಸೌರಿಯ ಕಛೇರಿಯಲ್ಲಿ, ನೆಗಡಿಯಾಗಿತ್ತೆಂದು. ಆಮೇಲೆ ಬಿಡಲಿಲ್ಲ. ಏನಾದರೊಂದು ಆಸರೆ ಬೇಕಿತ್ತೇನೋ ಅಂತ ನನಗನ್ನಿಸುತ್ತದೆ.

ಇನ್ನೊಂದು ಮಾತನ್ನೂ ಬರೆದಿಡಬೇಕು. ಗೆಳೆಯರಿಗೆ ಕೊಟ್ಟ ಮಾತು ಉಳಿಸಿಕೊಂಡವರು ಟಿಕೆಟ್ ಕೊಂಡವರಿಗೆ ಎಷ್ಟೋ ಸಲ ತಪ್ಪಿಸಿದರು. ಶಿಕಾಗೋದ ಲಿರಿಕ್ ಒಪೆರಾದಲ್ಲಿ 41 ಪ್ರಯೋಗಗಳಿಗೆ ಒಪ್ಪಿ 26ಕ್ಕೆ ಬರಲೇ ಇಲ್ಲ. 1989ರಲ್ಲಿ ಆ ಸಂಸ್ಥೆ ಇನ್ನು ನೀವು ಬೇಡ ಎಂದುಬಿಟ್ಟಿತು. ಹಣ ಕೂಡಿಟ್ಟು ಟಿಕೆಟ್ ಕೊಂಡು, ಒಳ್ಳೆಯ ಬಟ್ಟೆ ಉಟ್ಟು ಬಂದು ಬರಿಗೈಲಿ ಮನೆಗೆ ಹೋದವರನ್ನು ನೆನೆದು ನನಗೆ ಸಂಕಟವಾಯಿತು. ಪ್ರೀತಿ ಕಡಿಮೆಯಾಗಲಿಲ್ಲ, ಆದರೆ ಮರೆಯಲೂ ಆಗಲಿಲ್ಲ.

ಮೇಲಿನ ಕೋಣೆಗಳಲ್ಲಿ ರಂಗದ ಉಡುಪು, ಬಹುಮಾನ. ಅವನ್ನೆಲ್ಲ ಬೇಗ ನೋಡಿ ಮುಗಿಸಿದೆವು. ದೊಡ್ಡ ದೊಡ್ಡ ಹೂವಿನ ಅಂಗಿಗಳ ಮುಂದೆ ಮಾತ್ರ ಅವ್ವ ನಿಂತಳು. "ಮನ್ಯಾಗ ಹಾಕೊಂಡು ಅಡ್ಡಾಡೂ ಅಂಗಿ ಇವು" ಅಂದಳು, ಮೆಲ್ಲಗೆ.

ವಾಪಸು ರೈಲಿನಲ್ಲಿ ಒಪೆರಾ ಹಾಡುಗಾರ್ತಿ ಮಿರೆಲ್ಲಾ ಫ್ರೆನಿಯವರ ಕಥೆ ಹೇಳಿದೆ. ಅವರೂ ಮೊದೆನಾದವರೇ, ಅವರೂ 1935ರಲ್ಲಿ ಹುಟ್ಟಿದವರು. ಇಬ್ಬರ ತಾಯಂದಿರೂ ಊರಿನ ತಂಬಾಕು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮಕ್ಕಳಿಬ್ಬರಿಗೂ ಹಾಲೂಡಿಸಿದವಳು ಒಬ್ಬಳೇ ದಾದಿ. ಪಾವರಟ್ಟಿಯವರದು ಭಾರೀ ಮೈ, ಹೆಚ್ಚು ಹಾಲು ಯಾರು ಕುಡಿದರೆಂದು ನೋಡಿದರೇ ತಿಳಿಯುತ್ತದೆ ಎಂದು ಫ್ರೆನಿ ನಗುತ್ತಿದ್ದರಂತೆ. 'ಲಾ ಬೋಹೆಮ್' ಹುಟ್ಟಿ ನೂರು ವರ್ಷವಾದಾಗ, 1996ರಲ್ಲಿ, ಅದು ಮೊದಲು ಆಡಿದ ತೂರಿನ್‌ನಲ್ಲೇ ಇಬ್ಬರೂ ಕೂಡಿ ಹಾಡಿದರು. ಇಬ್ಬರಿಗೂ ಅರವತ್ತು. ಪಾತ್ರ ಮಾತ್ರ ಹರೆಯದ ಪ್ರೇಮಿಗಳದು.

"ಅವರಿಬ್ಬರೂ ಕೂಡಿ ಹಾಡಿದ್ದು ಐತೇನು? ಹಚ್ಚು" ಅಂದಳು ಅವ್ವ.

ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನಗೆ. ಮೊದಲ ಅಂಕದ ಕೊನೆಯ ಜೋಡಿ ಹಾಡು ಹಚ್ಚಿದೆ. ಇಬ್ಬರೂ ಹಾಡುತ್ತ ಬಾಗಿಲು ದಾಟಿ ಹೋಗುತ್ತಾರೆ, ಕೊನೆಯ ಸ್ವರ ಹೊರಗಿನಿಂದ ಕೇಳುತ್ತದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು, ತೊಡೆಯ ಮೇಲೆ ಬೆರಳು ಅಲ್ಲಾಡುತ್ತಿತ್ತು, ತಾಳ ಹುಡುಕುತ್ತ. ಮುಗಿದ ಮೇಲೆ, "ಮತ್ತೊಮ್ಮೆ" ಅಂದಳು. ಅಂಜೋಲಾ ಸ್ಟೇಷನ್ ದಾಟುವಷ್ಟರಲ್ಲಿ ಮೂರು ಸಲ ಆಗಿತ್ತು.