ಯೆಜ್ಡಿಗೂ ಪಲ್ಸರ್‌ಗೂ ಒಂದೇ ಚಾರ್ಜರ್: ಮಳೆಗಾಲದ ಬ್ಯಾಟರಿ ಕೆಲಸದ ಟಿಪ್ಪಣಿಗಳು

ಮೇ ಕೊನೆಯ ವಾರ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಮ್ಮೆ ಮಳೆ ಹಿಡಿಯಿತೆಂದರೆ ಬೈಕುಗಳು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ. ನಮ್ಮ ಕೊಟ್ಟಿಗೆಯಲ್ಲಿ ಎರಡು ಗಾಡಿಗಳಿವೆ. ಒಂದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ಡೈನಮೋ ಮತ್ತು 6 ವೋಲ್ಟ್ ಬ್ಯಾಟರಿಯ ಹಳೆಯ ಯೆಜ್ಡಿ. ಇನ್ನೊಂದು, ದಿನಬಳಕೆಯ 12 ವೋಲ್ಟ್ ಪಲ್ಸರ್. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಯೆಜ್ಡಿ ಇಟ್ಟುಕೊಂಡವರ ಉತ್ಸಾಹವೇನೂ ಮುಚ್ಚಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಆಚರಿಸುವ ಜಾವಾ-ಯೆಜ್ಡಿ ದಿನ ನಮ್ಮ ಮಲೆನಾಡಿನವರ ಪಾಲಿಗೆ ಸರಿಯಾಗಿ ಜಡಿಮಳೆಯ ನಡುವೆಯೇ ಬರುತ್ತದೆ. ಆ ಹೊತ್ತಿಗೆ ಎರಡೂ ಬ್ಯಾಟರಿಗಳಿಗೆ ಹೊಂದುವ ಒಂದು ಚಾರ್ಜರ್, ಅದನ್ನು ನಿಶ್ಚಿಂತೆಯಿಂದ ಬಳಸಲು ಒಂದು ಖಾಯಂ ಜಾಗ, ಅಳತೆಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಸಿದ್ಧವಾಗಿರಬೇಕು ಎಂಬುದು ಈ ಕೆಲಸದ ಗುರಿ.

ಚಾರ್ಜರ್ ಕೊಳ್ಳುವ ಮೊದಲು ಬ್ಯಾಟರಿಗಳ ಸ್ಥಿತಿ ತಿಳಿಯಬೇಕಿತ್ತು. ಗಾಡಿ ಓಡಿಸಿದ ಅಥವಾ ಚಾರ್ಜ್ ಮಾಡಿದ ತಕ್ಷಣ ಮಲ್ಟಿಮೀಟರ್ ಹಿಡಿದರೆ ಬರುವ ಅಂಕಿ ನಂಬುವಂಥದ್ದಲ್ಲ. ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ, ಬ್ಯಾಟರಿಯನ್ನು ಸುಮ್ಮನೆ ಬಿಟ್ಟು ಆಮೇಲೆ ಅಳೆಯಬೇಕು. ಹಾಗೆ ವಿಶ್ರಾಂತಿಯಲ್ಲಿರುವ 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ 12.7 ವೋಲ್ಟ್‌ನ ಆಸುಪಾಸು ತೋರಿಸಿದರೆ ತುಂಬಿದೆ ಎಂದು ಅರ್ಥ, 12.4ಕ್ಕೆ ಸುಮಾರು ಮುಕ್ಕಾಲು, 12.2ಕ್ಕೆ ಅರ್ಧ, 12.0ಕ್ಕೆ ಕಾಲು ಭಾಗ ಮಾತ್ರ ಉಳಿದಿರುತ್ತದೆ. 6 ವೋಲ್ಟ್ ಬ್ಯಾಟರಿಗೆ ಇವೆಲ್ಲದರ ಅರ್ಧ ಎಂದು ಓದಿಕೊಂಡರಾಯಿತು. ಪಲ್ಸರ್ 12.3 ತೋರಿಸಿತು, ಯೆಜ್ಡಿ 6.05. ಎರಡನೆಯದು ಸುಖದ ಸುದ್ದಿಯಲ್ಲ. ಅರೆಬರೆ ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಪ್ಲೇಟುಗಳ ಮೇಲಿನ ಲೆಡ್ ಸಲ್ಫೇಟ್ ಗಟ್ಟಿಯಾದ ಹರಳುಗಳಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ಜೂನ್ ಆರಂಭ: ನಿಂತ ಗಾಡಿ ಕುಡಿಯುವ ಕರೆಂಟು

ಕೀಲಿ ತೆಗೆದ ಮೇಲೂ ಪಲ್ಸರ್ ಎಷ್ಟು ಕರೆಂಟು ಎಳೆಯುತ್ತದೆ ಎಂದು ನೋಡಿದೆ. ಮೈನಸ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ರಂಧ್ರಕ್ಕೆ ಹಾಕಿ, ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರನ್ನು ಸೇರಿಸಿದಾಗ ಸುಮಾರು 4 ಮಿಲಿಆಂಪಿಯರ್ ಕಂಡಿತು. ಈ ಸ್ಥಿತಿಯಲ್ಲಿ ಮರೆತೂ ಸೆಲ್ಫ್ ಒತ್ತಬಾರದು, ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ನಾಲ್ಕು ಮಿಲಿಆಂಪಿಯರ್ ಎಂದರೆ ಏನೂ ಅಲ್ಲ ಎನಿಸಬಹುದು, ಆದರೆ ತಿಂಗಳಿಗೆ ಲೆಕ್ಕ ಹಾಕಿದರೆ ಅದು 2.9 ಆಂಪಿಯರ್-ಅವರ್ ಆಗುತ್ತದೆ. 9 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದು ಇದರ ಮೇಲಿನ ಲೆಕ್ಕ.

ಯೆಜ್ಡಿಯಲ್ಲಿ ಗಡಿಯಾರವಿಲ್ಲ, ಕಂಪ್ಯೂಟರ್ ಇಲ್ಲ, ಆದ್ದರಿಂದ ಕೀಲಿ ತೆಗೆದಾಗ ಕರೆಂಟು ಸೊನ್ನೆಯೇ ಇರಬೇಕು. ಡೈನಮೋ ಇರುವ ಗಾಡಿಗಳಲ್ಲಿ ಹಾಗೆ ಇಲ್ಲವೆಂದಾದರೆ ಮೊದಲು ಅನುಮಾನಿಸಬೇಕಾದದ್ದು ರೆಗ್ಯುಲೇಟರಿನ ಕಟ್‌ಔಟ್, ಅಂದರೆ ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬೇರ್ಪಡಿಸುವ ಸ್ವಿಚ್: ಅದರ ಪಾಯಿಂಟುಗಳು ಅಂಟಿಕೊಂಡರೆ ಬ್ಯಾಟರಿಯ ಕರೆಂಟು ಡೈನಮೋ ಕಡೆಗೆ ಹಿಂದಕ್ಕೆ ಹರಿಯುತ್ತದೆ. ನನ್ನ ಗಾಡಿಯಲ್ಲಿ ಸೊನ್ನೆಯೇ ಬಂತು. ಹಾಗಾದರೆ ದೋಷ ವೈರಿಂಗಿನಲ್ಲಿಲ್ಲ, ಬ್ಯಾಟರಿಯಲ್ಲಿಯೇ ಇದೆ.

ಜೂನ್ ಎರಡನೇ ವಾರ: ಆಯ್ಕೆ

ಚಾರ್ಜರ್ ಕೇಳಿದರೆ ಅಂಗಡಿಯವರು ಮೊದಲು ಹೇಳುವುದು ಆಂಪಿಯರ್. ನನ್ನ ಅಭಿಪ್ರಾಯದಲ್ಲಿ ಅದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಬ್ಯಾಟರಿ ತುಂಬಿದ ಮೇಲೆ ಚಾರ್ಜರ್ ಎಷ್ಟು ವೋಲ್ಟ್‌ಗೆ ಇಳಿದು ನಿಲ್ಲುತ್ತದೆ ಎನ್ನುವುದು. ಪರಿಚಿತರ ಗ್ಯಾರೇಜಿನಲ್ಲಿದ್ದ, ಟ್ರಾನ್ಸ್‌ಫಾರ್ಮರ್ ಮತ್ತು ಡಯೋಡ್ ಬಿಟ್ಟರೆ ಬೇರೇನೂ ಇಲ್ಲದ ಹಳೆಯ ಚಾರ್ಜರನ್ನು ತುಂಬಿದ ಬ್ಯಾಟರಿಗೆ ಜೋಡಿಸಿ ನೋಡಿದಾಗ ವೋಲ್ಟೇಜ್ 15 ದಾಟಿ ಏರುತ್ತಲೇ ಇತ್ತು. ಲಾರಿಯ ದೊಡ್ಡ ಬ್ಯಾಟರಿಗೆ, ಪಕ್ಕದಲ್ಲಿ ಒಬ್ಬರು ನಿಂತು ನೋಡಿಕೊಳ್ಳುವಾಗ, ಅದು ನಡೆದೀತು. ಬೈಕಿನ ಸೀಲ್ಡ್ ಬ್ಯಾಟರಿಯನ್ನು ಅದಕ್ಕೆ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟರೆ ಒಳಗಿನ ನೀರು ಅನಿಲವಾಗಿ ಹೋಗುತ್ತದೆ, ಮತ್ತೆ ತುಂಬಲು ಅದಕ್ಕೆ ಮುಚ್ಚಳವೇ ಇಲ್ಲ.

ಒಳ್ಳೆಯ ಚಾರ್ಜರ್ 12 ವೋಲ್ಟ್ ಬ್ಯಾಟರಿಯನ್ನು ಸುಮಾರು 14.4 ವೋಲ್ಟ್‌ವರೆಗೆ ಏರಿಸಿ, ಅಲ್ಲಿ ಕರೆಂಟು ತಾನಾಗಿ ಕಡಿಮೆಯಾಗುವವರೆಗೆ ಹಿಡಿದು, ಆಮೇಲೆ 13.6ರ ಆಸುಪಾಸಿಗೆ ಇಳಿಯಬೇಕು. ಈ ಅಂಕಿಗಳು 25 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದವು. ಬಿಸಿ ಹೆಚ್ಚಿದಷ್ಟೂ ವೋಲ್ಟೇಜ್ ಕಡಿಮೆ ಇರಬೇಕು, ಹತ್ತು ಡಿಗ್ರಿಗೆ ಸರಿಸುಮಾರು 0.2 ವೋಲ್ಟ್. ಮಳೆಗಾಲದ ಸಾಗರದಲ್ಲಿ ಇದರ ಚಿಂತೆಯಿಲ್ಲ, ಏಪ್ರಿಲ್‌ನ ರಾಯಚೂರಿನಲ್ಲಿ ಇದೆ. ಇನ್ನು ಆಂಪಿಯರ್: ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ ಎಂಬ ಹಳೆಯ ನಿಯಮ ಇಂದಿಗೂ ಸುರಕ್ಷಿತ. ಪಲ್ಸರ್‌ನ 9ಕ್ಕೆ 0.9, ಯೆಜ್ಡಿಯ 14ಕ್ಕೆ 1.4.

ಸಿಟೆಕ್‌ನ ಎಕ್ಸ್ಎಸ್ 0.8 ನನಗೆ ಹಿಡಿಸಿತ್ತು. ಸಣ್ಣ ಬ್ಯಾಟರಿಗೆಂದೇ ಮಾಡಿದ ಅದರ ಕರೆಂಟು 0.8 ಆಂಪಿಯರ್ ಮಾತ್ರ. ಆದರೆ ಅದು 12 ವೋಲ್ಟ್‌ಗಷ್ಟೇ ಸೀಮಿತ. ಬಾಷ್‌ನ ಸಿ3ರಲ್ಲಿ 6 ವೋಲ್ಟ್ ಮತ್ತು 12 ವೋಲ್ಟ್ ಎರಡಕ್ಕೂ 0.8 ಆಂಪಿಯರ್‌ನ ಸಣ್ಣ ಬ್ಯಾಟರಿ ಕ್ರಮವಿದೆ, ಕಾರಿಗೆ ಬೇಕಾದರೆ 3.8 ಆಂಪಿಯರ್ ಕೂಡ ಇದೆ, ಹೀಗಾಗಿ ಅದನ್ನೇ ತಂದೆ. 6 ವೋಲ್ಟೋ 12 ವೋಲ್ಟೋ ಎಂಬುದನ್ನು ತಾವೇ ಗುರುತಿಸುತ್ತೇವೆಂದು ಹೇಳಿಕೊಳ್ಳುವ ಅಗ್ಗದ ಚಾರ್ಜರ್‌ಗಳನ್ನು ನಾನು ಒಪ್ಪುವುದಿಲ್ಲ: 7 ವೋಲ್ಟ್‌ಗೆ ಇಳಿದ 12ರ ಬ್ಯಾಟರಿಯೂ ಚೆನ್ನಾಗಿ ಚಾರ್ಜ್ ಆಗುತ್ತಿರುವ 6ರ ಬ್ಯಾಟರಿಯೂ ಅವುಗಳ ಕಣ್ಣಿಗೆ ಒಂದೇ. ಕೈಯಾರೆ ಬಟನ್ ಒತ್ತಿ ಆರಿಸುವುದೇ ಮೇಲು. ಸಲ್ಫೇಟ್ ಕರಗಿಸುವ ಕ್ರಮ ಇರುವ ಚಾರ್ಜರ್ ಕೊಂಡವರಿಗೆ ಒಂದು ಮಾತು: ಅದರಲ್ಲಿ ವೋಲ್ಟೇಜ್ 15-16ರವರೆಗೆ ಹೋಗಬಹುದಾದ್ದರಿಂದ ಬ್ಯಾಟರಿಯನ್ನು ಗಾಡಿಯಿಂದ ಹೊರತೆಗೆದೇ ಬಳಸಬೇಕು, ಲಿಥಿಯಂ ಬ್ಯಾಟರಿಗಂತೂ ಆ ಕ್ರಮವನ್ನು ಬಳಸಲೇಬಾರದು.

ಜೂನ್ ಮೂರನೇ ವಾರ: ಜಾಗ, ವೈರು, ಫ್ಯೂಸು

ಚಾರ್ಜ್ ಆಗುವ ಕೊನೆಯ ಹಂತದಲ್ಲಿ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ಮುಟ್ಟಿದರೆ ಒಂದು ಕಿಡಿ ಸಾಕು. ಅದು ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಆದ್ದರಿಂದ ಮುಚ್ಚಿದ ಕಪಾಟು ಬೇಡವೆಂದು, ಕೊಟ್ಟಿಗೆಯ ಜಾಲರಿ ಕಿಟಕಿಯ ಕೆಳಗೆ, ಅಡಿಕೆ ಚೀಲಗಳಿಂದಲೂ ಪೆಟ್ರೋಲ್ ಕ್ಯಾನಿನಿಂದಲೂ ದೂರದಲ್ಲಿ ಒಂದು ತೆರೆದ ಹಲಗೆ ಹೊಡೆದೆ. ಅದರ ಮೇಲೆ ಪ್ಲಾಸ್ಟಿಕ್ ತಟ್ಟೆ, ತಟ್ಟೆಯಲ್ಲಿ ಬ್ಯಾಟರಿ. ಚಾರ್ಜರನ್ನು ಪಕ್ಕದ ಗೋಡೆಗೆ ನೇತುಹಾಕಿದ್ದೇನೆ, ಬ್ಯಾಟರಿಯ ಮೇಲಲ್ಲ. ಚಾರ್ಜರಿನ ಮೈಗೆ ಧೂಳು-ನೀರು ತಡೆಯುವ ಐಪಿ65 ರಕ್ಷಣೆ ಇದ್ದರೂ ಅದರ ಪ್ಲಗ್ಗಿಗೆ ಇಲ್ಲ, ಹಾಗಾಗಿ ಸಾಕೆಟ್ಟನ್ನು ಸೋರುವ ಹೆಂಚಿನ ಸಾಲಿನಿಂದ ಈಚೆಗೆ ತಂದೆ. ಕೈಗವಸು, ಕನ್ನಡಕ, ಒಂದು ಬಕೆಟ್ ನೀರು, ಒಂದು ಡಬ್ಬಿ ಅಡುಗೆ ಸೋಡಾ ಅಲ್ಲೇ ಇರುತ್ತವೆ. ಸೋಡಾ ನೆಲಕ್ಕೆ ಚೆಲ್ಲಿದ ಆಸಿಡ್‌ಗೆ, ಮೈಗೆ ಸಿಡಿದರೆ ಬರೀ ನೀರು, ಅದೂ ಧಾರಾಳವಾಗಿ.

ಬಿಚ್ಚುವಾಗ ಮೊದಲು ಚಾಸಿಸ್‌ಗೆ ಸೇರಿದ ಕೇಬಲ್, ಜೋಡಿಸುವಾಗ ಕೊನೆಗೆ ಅದೇ ಕೇಬಲ್. ಕಾರಣ ಸರಳ: ಇನ್ನೊಂದು ಟರ್ಮಿನಲ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಚಾಸಿಸ್‌ಗೆ ತಾಗಿದರೂ ಕಿಡಿ ಹಾರುವುದಿಲ್ಲ. ಇಂದಿನ ಗಾಡಿಗಳಲ್ಲಿ ಚಾಸಿಸ್‌ಗೆ ಸೇರುವುದು ಮೈನಸ್. ಹಳೆಯ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಪ್ಲಸ್ ಸೇರಿರುವುದೂ ಉಂಟು, ಬಣ್ಣ ನಂಬದೆ ಕಣ್ಣಾರೆ ನೋಡಬೇಕು. ಚಾರ್ಜರ್ ಕ್ಲಿಪ್ಪುಗಳನ್ನು ಸ್ವಿಚ್ ಆರಿಸಿದ ಸ್ಥಿತಿಯಲ್ಲೇ ಹಾಕಿ, ಸ್ವಿಚ್ ಆರಿಸಿದ ಮೇಲೆಯೇ ತೆಗೆಯಬೇಕು.

ಪಲ್ಸರ್‌ನಿಂದ ಪ್ರತಿ ಸಲ ಬ್ಯಾಟರಿ ಬಿಚ್ಚುವುದು ಬೇಸರದ ಕೆಲಸವಾದ್ದರಿಂದ ಎರಡು ರಿಂಗ್ ಟರ್ಮಿನಲ್‌ಗಳ ಒಂದು ಖಾಯಂ ವೈರು ಕಟ್ಟಿ, ಸೈಡ್ ಪ್ಯಾನೆಲ್ ಸಂದಿಯಿಂದ ಅದರ ಪ್ಲಗ್ ಹೊರಗೆ ತಂದೆ. ಪ್ಲಸ್ ಬದಿಯ 7.5 ಆಂಪಿಯರ್ ಫ್ಯೂಸನ್ನು ಟರ್ಮಿನಲ್‌ಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಇಟ್ಟಿದ್ದೇನೆ. ದಾರಿಯಲ್ಲಿ ವೈರು ತಿಕ್ಕಿ ಚಾಸಿಸ್‌ಗೆ ತಾಗಿದರೆ ಕಾಪಾಡುವುದು ಅದೊಂದೇ. ಪ್ಲಗ್ಗಿಗೆ ರಬ್ಬರ್ ಮುಚ್ಚಳವೂ ಬೇಕು, ಏಕೆಂದರೆ ಗಾಡಿ ಓಡುವಾಗಲೂ ಅದರಲ್ಲಿ ಬ್ಯಾಟರಿಯ ವೋಲ್ಟೇಜ್ ಇರುತ್ತದೆ.

ಜುಲೈ ಮೊದಲೆರಡು ವಾರ: ಯೆಜ್ಡಿಯ ಬ್ಯಾಟರಿ

ಮೂರು ಮುಚ್ಚಳ ತೆಗೆದು ನೋಡಿದರೆ ನಡುವಿನ ಸೆಲ್‌ನಲ್ಲಿ ಪ್ಲೇಟಿನ ತುದಿ ಗಾಳಿಗೆ ತೆರೆದಿತ್ತು. ಚಾರ್ಜಿಗೆ ಮೊದಲು ಪ್ಲೇಟು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿದೆ. ಚಾರ್ಜ್ ಆಗುವಾಗ ಮಟ್ಟ ಏರುವುದರಿಂದ ಗೆರೆಯವರೆಗೆ ತುಂಬುವುದು ಆಮೇಲಿನ ಕೆಲಸ; ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಬ್ಯಾಟರಿ ತಟ್ಟೆಯ ಬಣ್ಣ ಎದ್ದುಬರುತ್ತದೆ. ಖಾಲಿಯಾದ 14 ಆಂಪಿಯರ್-ಅವರ್‌ಗೆ 0.8 ಆಂಪಿಯರ್ ಎಂದರೆ ಬರೀ ಭಾಗಾಕಾರಕ್ಕೇ ಹದಿನೇಳೂವರೆ ಗಂಟೆ, ನಷ್ಟ ಸೇರಿದರೆ ಇಪ್ಪತ್ತನ್ನು ದಾಟುತ್ತದೆ. ಅವಸರವಿಲ್ಲದವರಿಗೆ ಅದು ದೋಷವಲ್ಲ. ನಮ್ಮಲ್ಲಿ ದೋಷ ಇರುವುದು ಕರೆಂಟು ಹೋಗುವುದರಲ್ಲಿ: ಎಷ್ಟೋ ಚಾರ್ಜರ್‌ಗಳು ವಿದ್ಯುತ್ ಮರಳಿ ಬಂದಾಗ ಬಿಟ್ಟಲ್ಲಿಂದ ಮುಂದುವರಿಯದೆ ಸುಮ್ಮನೆ ಕಾಯುತ್ತ ಕೂರುತ್ತವೆ. ಕೊಳ್ಳುವಾಗಲೇ ಪ್ಲಗ್ ಒಮ್ಮೆ ಕಿತ್ತು ಹಾಕಿ ನೋಡುವುದು ಒಳ್ಳೆಯದು.

ಹಸಿರು ದೀಪ ಬಂದ ಮರುದಿನ, ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಿಡಿದೆ. ಮೊದಲ ಸೆಲ್ 1.240, ಮೂರನೆಯದು 1.235, ನಡುವಿನದು 1.185. ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರವಿದ್ದರೆ ಕಡಿಮೆ ಇರುವ ಸೆಲ್ ಸೋತಿದೆ ಎಂದೇ ಲೆಕ್ಕ, ಇಲ್ಲಿ ಅಂತರ 0.055. ಚಾರ್ಜರಿನ ದೀಪ ಇದನ್ನು ಹೇಳುವುದಿಲ್ಲ. ಅದು ನೋಡುವುದು ಮೂರೂ ಸೆಲ್‌ಗಳ ಒಟ್ಟು ವೋಲ್ಟೇಜನ್ನು, ಒಂದೊಂದರ ಆರೋಗ್ಯವನ್ನಲ್ಲ. ಜಾವಾ-ಯೆಜ್ಡಿ ದಿನದ ಮಟ್ಟಿಗೆ ಹಗಲು ಓಡಾಟಕ್ಕೆ ಬ್ಯಾಟರಿ ತಡೆದುಕೊಂಡಿತು, ಹೆಡ್‌ಲೈಟ್ ಹಾಕುವ ಧೈರ್ಯ ಮಾಡಲಿಲ್ಲ.

ಜುಲೈ ಕೊನೆ

ಪಲ್ಸರ್ ಖಾಯಂ ವೈರಿನಲ್ಲಿ ಚಾರ್ಜ್ ಆಗಿ, ರಾತ್ರಿ ಬಿಟ್ಟ ಮೇಲೆ 12.75 ತೋರಿಸಿತು. ಸೆಲ್ಫ್ ಒತ್ತಿದಾಗ 10.6ಕ್ಕೆ ಇಳಿಯಿತು, 9.6ಕ್ಕಿಂತ ಕೆಳಗೆ ಹೋದರೆ ಮಾತ್ರ ಚಿಂತಿಸಬೇಕು. ಎಂಜಿನ್ ಏರಿಸಿದಾಗ ಟರ್ಮಿನಲ್‌ಗಳಲ್ಲಿ 14.2 ಬಂದದ್ದರಿಂದ ಗಾಡಿಯ ಚಾರ್ಜಿಂಗೂ ಸರಿಯಿದೆ. ಇದನ್ನು ಸದಾ ಚಾರ್ಜರಿಗೆ ಸಿಕ್ಕಿಸಿಡುವ ಅಗತ್ಯ ನನಗೆ ಕಾಣಲಿಲ್ಲ. ತಿಂಗಳಿಗೊಮ್ಮೆ, ಮನೆಯಲ್ಲಿ ಜನ ಇರುವ ಹಗಲಿನಲ್ಲಿ ಹಾಕಿದರೆ ಸಾಕು.

ಯೆಜ್ಡಿಗೆ ಡ್ರೈ ಚಾರ್ಜ್ ಮಾಡಿದ ಹೊಸ 6 ವೋಲ್ಟ್ ಬ್ಯಾಟರಿ ಹೇಳಿದ್ದೇನೆ. ಅದು ಬಂದ ಮೇಲೆ ಆಸಿಡ್ ತುಂಬಿ, ಪ್ಲೇಟುಗಳು ನೆನೆಯಲು ಅರ್ಧ ಗಂಟೆಯಾದರೂ ಬಿಟ್ಟು, ಗಾಡಿಗೆ ಕೂರಿಸುವ ಮೊದಲೇ ಇದೇ ಹಲಗೆಯ ಮೇಲೆ ನಿಧಾನಗತಿಯ ಮೊದಲ ಚಾರ್ಜ್ ಮುಗಿಸಬೇಕು. ಅಂಗಡಿಯವರು ಆಸಿಡ್ ಹಾಕಿಯೇ ಕೊಡುತ್ತೇವೆ ಎಂದರು, ಬೇಡ, ಬೇರೆಯಾಗಿಯೇ ಕೊಡಿ ಎಂದು ಹೇಳಿ ಬಂದಿದ್ದೇನೆ.